ಅಂಚಿನಲ್ಲಿ ಹುಟ್ಟು

ನಟ್ಟನಡುವಿನ ಕತ್ತಲ ಕೋಣೆಯನ್ನು ಗರ್ಭಗುಡಿಯೆಂದು ಕರೆದಾಗಲೇ ಗುಡಿ ಕಟ್ಟಿದವರು ಸೃಷ್ಟಿಯ ನೆಲೆ ಯಾವುದೆಂಬ ಪ್ರಶ್ನೆಗೆ ಉತ್ತರ ಹೇಳಿಬಿಟ್ಟಿದ್ದರು. ಹುಟ್ಟು ನಡುವಿನಲ್ಲಿ, ಅದರ ಸುತ್ತ ಪ್ರಾಕಾರ, ಆಚೆಗೆ ಊರು, ಊರಾಚೆಗೆ ಬರಿಯ ಬಯಲು. ಸವದತ್ತಿಯ ನೆಲ ಈ ಉತ್ತರಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಸುಗಂಧವರ್ತಿಯೆಂಬ ಹೆಸರಿನಲ್ಲಿ ರಟ್ಟರ ರಾಜಧಾನಿಯಾಗಿದ್ದ ಈ ಊರಿನಿಂದ ಅರಸೊತ್ತಿಗೆ ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಸರಿದುಹೋಯಿತು; ಊರ ಹೊರಗಿನ ಗುಡ್ಡದ ಎಲ್ಲಮ್ಮನ ಬಳಿಗೆ ಮಾತ್ರ ಇಂದಿಗೂ ಭರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದಲೂ ಗೋವಾದಿಂದಲೂ ಜನ ಬಂದು, ಜೋಗುಳಬಾವಿಯಲ್ಲಿ ಮಿಂದು, ಭಂಡಾರ ಹಚ್ಚಿಕೊಂಡು, ಪಡ್ಡಲಗಿ ತುಂಬಿಸಿ, ಉಧೋ ಉಧೋ ಎನ್ನುತ್ತಾರೆ.

ಸೃಷ್ಟಿಯ ನೆಲೆ ಯಾವುದೆಂಬ ಇದೇ ಪ್ರಶ್ನೆಯನ್ನು ಆಕಾಶಕ್ಕೆ ಹಾಕಿದಾಗ ದೊರೆತ ಉತ್ತರವೊಂದು ಗಮನಾರ್ಹವಾಗಿದೆ. ನಮ್ಮ ಆಕಾಶಗಂಗೆಗಿಂತ ಬಹಳ ಚಿಕ್ಕದಾದ ನಕ್ಷತ್ರಸಮೂಹಗಳಿಗೆ ಕುಬ್ಜ ಗೆಲಾಕ್ಸಿಗಳೆಂದು ಹೆಸರು. ಅವುಗಳ ಬೆಳಕು ನಡುವಿನಲ್ಲಿ ದಟ್ಟವಾಗಿದ್ದು ಹೊರಗೆ ತೆಳುವಾಗುವುದರಿಂದ ಅಂಚು ಬರಿದೆಂದು ಕಾಣುತ್ತದೆ. ಆದರೆ ಹೊಸದಾಗಿ ಹುಟ್ಟಿದ ಭಾರದ ನಕ್ಷತ್ರಗಳು ಅತ್ಯಂತ ಬಿಸಿಯಾಗಿದ್ದು ಅತಿನೇರಳೆ ಕಿರಣಗಳನ್ನು, ಅಂದರೆ ಕಣ್ಣಿಗೆ ಕಾಣದ, ವಾತಾವರಣವೂ ಬಹುಪಾಲು ತಡೆದುಬಿಡುವ ಬೆಳಕನ್ನು, ಹೆಚ್ಚಾಗಿ ಸೂಸುತ್ತವೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಜೋಡಿಸಿದ ಅತಿನೇರಳೆ ದೂರದರ್ಶಕ ಈ ಬೆಳಕನ್ನು ಹಿಡಿಯಿತು. 2022ರಲ್ಲಿ ಪ್ರಕಟವಾದ ಅಧ್ಯಯನ 11 ಕುಬ್ಜ ಗೆಲಾಕ್ಸಿಗಳ ಹೊರವಲಯದಲ್ಲಿ ಅತಿನೇರಳೆ ಬೆಳಕು ನಿರೀಕ್ಷೆಗಿಂತ ಹೆಚ್ಚಾಗಿರುವುದನ್ನು ತೋರಿಸಿತು: ಹೊರಗಿನಿಂದ ಬಂದು ಸೇರುವ ಅನಿಲ ಅಲ್ಲಿ ತನ್ನದೇ ಗುರುತ್ವಕ್ಕೆ ಕುಸಿದು ಮುದ್ದೆಗಟ್ಟಿ ನಕ್ಷತ್ರಗಳಾಗುತ್ತಿದೆ, ಸುತ್ತಲಿನ ದ್ರವ್ಯದ ಸೆಳೆತದಿಂದ ವೇಗ ಕಳೆದುಕೊಳ್ಳುವ ಆ ಮುದ್ದೆಗಳು ನಿಧಾನವಾಗಿ ನಡುವಿನತ್ತ ಜಾರುತ್ತವೆ. ಆ ಬೆಳಕು ಹೊರಟು 130ರಿಂದ 280 ಕೋಟಿ ವರ್ಷಗಳಾಗಿರುವುದರಿಂದ, ಇಂದು ಅಂಚಿನಲ್ಲಿ ಕಾಣುತ್ತಿರುವುದರಲ್ಲಿ ಒಂದಿಷ್ಟು ಈಗಾಗಲೇ ನಡುವಿಗೆ ಸೇರಿರಲೂ ಸಾಕು.

ಬರಿದೆಂದು ಕಂಡದ್ದು ಬರಿದಲ್ಲವೆಂಬ ಮಾತು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು, ಅವರಲ್ಲಿಯೂ ಅಲ್ಲಮಪ್ರಭು, ಬಯಲೆಂಬ ಮಾತನ್ನು ಇಲ್ಲವೆಂಬ ಅರ್ಥದಲ್ಲಿ ಬಳಸಲಿಲ್ಲ. ಎಲ್ಲ ಆಕಾರಗಳೂ ಮೂಡಿ ಮತ್ತೆ ಅಡಗುವ, ತನಗೆ ಆಕಾರವೂ ಎಲ್ಲೆಯೂ ಇಲ್ಲದ ನೆಲೆಗೆ ಅದು ಹೆಸರಾಯಿತು. ಗೆಲಾಕ್ಸಿಯ ಅಂಚಿನ ಅನಿಲವೇ ಆ ಬಯಲೆಂದು ಹೇಳಹೊರಟರೆ ಶರಣರಿಗೂ ವಿಜ್ಞಾನಕ್ಕೂ ಅನ್ಯಾಯವಾದೀತು, ಏಕೆಂದರೆ ಅನಿಲ ಅಳತೆಗೆ ಸಿಗುವ ವಸ್ತು, ಬಯಲಾದರೋ ವಸ್ತುವೇ ಅಲ್ಲ. ಆದರೂ ಬರಿದಾಗಿ ಕಂಡದ್ದು ಬಂಜೆಯೆಂದು ತೀರ್ಮಾನಿಸುವ ಹಳೆಯ ರೂಢಿಯನ್ನು ಎರಡೂ, ಬೇರೆ ಬೇರೆ ದಾರಿಯಿಂದ ಬಂದು, ಅಲುಗಿಸುತ್ತವೆ. ಸೃಷ್ಟಿ ಎಂದೋ ಒಮ್ಮೆ ಒಂದೆಡೆ ನಡೆದು ಮುಗಿದ ಕೆಲಸವೆಂಬ ನಂಬಿಕೆಗೆ ಇದರಿಂದ ಆಧಾರ ಸಡಿಲವಾಗುವುದಂತೂ ದಿಟ.

ಈ ಹೋಲಿಕೆಯನ್ನು ಮನುಷ್ಯರ ಅಂಚಿಗೆ ಹೊಂದಿಸುವಾಗ ಮಾತ್ರ ಎದೆ ಹಿಂಜರಿಯಬೇಕು. ಇದೇ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ, ಅಂದರೆ ದೇವದಾಸಿಯರಾಗಿ ಸಮರ್ಪಿತರಾದ, ಬಡ, ಹೆಚ್ಚಾಗಿ ದಲಿತ, ಮನೆಗಳ ಹೆಣ್ಣುಮಕ್ಕಳು ಸಮಾಜದ ಅಂಚಿಗೆ ಸರಿದದ್ದು ಯಾವ ನಿಸರ್ಗನಿಯಮದಿಂದಲೂ ಅಲ್ಲ. ಅನಿಲದ ಮುದ್ದೆಯನ್ನು ಎಳೆಯುವ ಗುರುತ್ವಕ್ಕೆ ಹೊಣೆಯೆಂಬುದಿಲ್ಲ. ಈ ಹೆಣ್ಣುಮಕ್ಕಳನ್ನು ದೂಡಿದ ಕೈಗಳಿಗೆ ಹೊಣೆಯಿತ್ತು, ಆದ್ದರಿಂದಲೇ 1982ರಲ್ಲಿ ಕರ್ನಾಟಕ ಶಾಸನಸಭೆ ದೇವದಾಸಿ ಸಮರ್ಪಣೆಯನ್ನು ಅಪರಾಧವೆಂದು ಬರೆಯಬೇಕಾಯಿತು.