ಹಸಿದ ಉಣ್ಣಿಯೂ ಉಪವಾಸದ ಅರ್ಥವೂ

ಆಹಾರವಿಲ್ಲದಿರುವುದೇ ಉಪವಾಸವೆನ್ನುವುದಾದರೆ, ಪೂರ್ವ ಆಫ್ರಿಕದ ಮಣ್ಣಿನ ಗುಡಿಸಲುಗಳಲ್ಲಿ ನೆಲದ ಬಿರುಕುಗಳೊಳಗೆ ಅಡಗಿರುವ ಉಣ್ಣಿಯನ್ನು ಮಹಾತಪಸ್ವಿಯೆಂದು ಕರೆಯಬೇಕಾಗುತ್ತದೆ. ಒರ್ನಿಥೊಡೊರಸ್ ಮೌಬಾಟ ಎಂಬ ಈ ಮೃದುಚರ್ಮದ ಉಣ್ಣಿಯು ರಕ್ತ ದೊರೆಯದಿದ್ದರೆ ವರ್ಷಗಟ್ಟಲೆ ನಿರಾಹಾರವಾಗಿ ಜೀವಿಸಬಲ್ಲದು. ಆದರೆ ಅದು ಏನನ್ನೂ ತ್ಯಜಿಸಿಲ್ಲ, ಕಾಯುತ್ತಿದೆ, ಅಷ್ಟೆ. ಪ್ರತ್ಯಾಖ್ಯಾನವಿಲ್ಲದ ಹಸಿವು ವ್ರತವಾಗದು. (ಪಾರಣೆಯ ಭಕ್ಷ್ಯಗಳನ್ನೇ ನೆನೆಯುತ್ತ ಅಷ್ಟಮಿಯನ್ನು ಕಳೆಯುವವರು ನಮ್ಮಲ್ಲಿಯೂ ಉಂಟು, ಆ ಮಾತು ಇಲ್ಲಿ ಬೇಡ.)

ಕತ್ತಲಾದ ಮೇಲೆ ಹೊರಬಂದು, ಮಲಗಿದವರಿಗೆ ಎಚ್ಚರವಾಗದಂತೆ ರಕ್ತವನ್ನು ಹೀರಿ ಬಿರುಕಿಗೆ ಮರಳುವ ಈ ಜೀವಿಯು ಮರುಕಳಿಸುವ ಜ್ವರದ ಬೊರೇಲಿಯ ರೋಗಾಣುಗಳನ್ನು ಮನುಷ್ಯನ ಮೈಗೆ ಸೇರಿಸುತ್ತದೆ. ಜ್ವರವು ಕೆಲವು ದಿನ ಉರಿದು ತಾನಾಗಿ ಇಳಿಯುತ್ತದೆ. ವಾರದಷ್ಟು ಅಂತರದಲ್ಲಿ ಮತ್ತೆ ಏರುತ್ತದೆ. ಶರೀರದ ರಕ್ಷಣಶಕ್ತಿಯು ರೋಗಾಣುಗಳನ್ನು ಗುರುತಿಸಿ ನಾಶಮಾಡುವಷ್ಟರಲ್ಲಿ, ಅವುಗಳಲ್ಲಿ ಕೆಲವು ತಮ್ಮ ಹೊರಮೈಯ ಪ್ರೋಟೀನನ್ನು ಬದಲಿಸಿಕೊಂಡು ಉಳಿದುಬಿಡುತ್ತವೆ. ಕಾಂಗೋ ಸೀಮೆಯಲ್ಲಿ ಇದನ್ನು ಶೋಧಿಸುತ್ತಿದ್ದ ವೈದ್ಯ ಜೋಸೆಫ್ ಡಟನ್ 1905ರ ಫೆಬ್ರವರಿಯಲ್ಲಿ ಇದೇ ಜ್ವರದಿಂದ ಮೃತರಾದರು. ಉಣ್ಣಿಯೇ ವಾಹಕವೆಂಬುದನ್ನು ಅವರೂ ಜಾನ್ ಟಾಡ್ ಅವರೂ ಪ್ರಕಟಪಡಿಸಿದುದು ಆ ವರ್ಷವೇ. ಗರ್ಭಿಣಿಯರಿಗೆ ಈ ಜ್ವರ ತಗಲಿದರೆ ಗರ್ಭಪಾತವೂ ನವಜಾತ ಶಿಶುವಿನ ಮರಣವೂ ಸಂಭವಿಸುತ್ತವೆ.

ಇಲ್ಲಿಯೇ ಜಿಜ್ಞಾಸೆ ಹುಟ್ಟುವುದು. ಗರ್ಭಿಣಿಯು ಮಲಗುವ ಕೋಣೆಯಲ್ಲಿ ಉಣ್ಣಿಯಿದ್ದರೆ ಅಣುವ್ರತಿಯಾದ ಶ್ರಾವಕನು ಕೀಟನಾಶಕವನ್ನು ಸಿಂಪಡಿಸಬಹುದೆ? ಅದು ವಿರೋಧೀ ಹಿಂಸೆ, ಗೃಹಸ್ಥನಿಗೆ ಕ್ಷಮ್ಯ ಎಂದು ಕೆಲವರು ಸಮಾಧಾನ ಹೇಳಿಯಾರು. ನನಗೆ ಇದು ಪೂರ್ಣವಾಗಿ ಒಪ್ಪಿಗೆಯಾಗುವುದಿಲ್ಲ. ವೈರಭಾವವನ್ನೇ ಅರಿಯದ ಜೀವಿಗೆ ವೈರಿಯೆಂಬ ಹೆಸರಿಟ್ಟು ನಮ್ಮ ಕೃತ್ಯವನ್ನು ಹಗುರ ಮಾಡಿಕೊಳ್ಳುವುದು ಸರಿಯಲ್ಲ. ತಾಯಿಯ ಪ್ರಾಣವನ್ನು ಉಳಿಸಲು ಅನ್ಯಮಾರ್ಗವಿಲ್ಲದಾಗ ಸಿಂಪಡಿಸಲಿ. ರೋಗಿಗೆ ಔಷಧವನ್ನಂತೂ ತಡಮಾಡದೆ ಕೊಡಲಿ. ಆದರೆ ಹಿಂಸೆಯನ್ನು ಹಿಂಸೆಯೆಂದೇ ಕರೆದು ಆಲೋಚನೆ ಮಾಡಿಕೊಳ್ಳಲಿ.

ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಆ ದೃಷ್ಟಿಯಿಂದ ನೋಡಿದರೆ ದೋಷವು ವಿಷ ಸಿಂಪಡಿಸಿದ ದಿನ ಆರಂಭವಾದುದಲ್ಲ. ನೆಲ ಬಿರುಕುಬಿಟ್ಟುದನ್ನು ಕಂಡೂ ಸುಮ್ಮನಿದ್ದ ದಿನವೇ ಆರಂಭವಾಯಿತು. ಉಣ್ಣಿ ಸೇರುವ ಮೊದಲೇ ಬಿರುಕನ್ನು ಮುಚ್ಚಿದರೆ, ನೆಲವನ್ನು ಬಿಟ್ಟು ಮಂಚದ ಮೇಲೆ ಮಲಗಿದರೆ, ತಾಯಿಯೂ ಉಳಿದಾಳು, ಉಣ್ಣಿಯ ವಧೆಯೂ ತಪ್ಪೀತು. ಸಿಮೆಂಟಿಗೂ ಮಂಚಕ್ಕೂ ಗತಿಯಿಲ್ಲದ ಬಡವನಿಗೆ ಪ್ರಮಾದದ ಮಾತನ್ನಾಡಲು ನಮಗೆ ಅಧಿಕಾರವಿಲ್ಲ. ಅನುಕೂಲವಿದ್ದೂ ಮಾಡದವನಿಗೆ ಮಾತ್ರ ಇದು ಅನ್ವಯಿಸುತ್ತದೆ. ಮನೆ ಬದಲಿಸುವಾಗ ಹಾಸಿಗೆ ಚಾಪೆಗಳೊಡನೆ ಈ ಉಣ್ಣಿಗಳೂ ಹೊಸ ಮನೆಗೆ ಸಾಗುವುದುಂಟು. ಕುಳಿತುಕೊಳ್ಳುವ ಮುನ್ನ ಮುನಿಗಳು ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುವುದನ್ನು ಕಂಡ ನಮಗೆ, ಹೊರಡುವ ಮೊದಲು ಹಗಲ ಬೆಳಕಿನಲ್ಲಿ ಚಾಪೆಯನ್ನು ಬಿಡಿಸಿ ನೋಡುವುದು ಹೊಸ ಆಚಾರವೇನಲ್ಲ.