ಇಂದಿನ ಧಮ್ಮ ಚಿಂತನೆ: "ಯಾರು ಮುಟ್ಟಿದ್ದು?"



ಮನೆಯಲ್ಲಿ ಏನಾದರೂ ಕೆಟ್ಟರೆ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು, ಗಮನಿಸಿ ನೋಡಿ. "ಏನಾಗಿದೆ?" ಎಂದು ಕೇಳುವ ಮೊದಲೇ "ಯಾರು ಮುಟ್ಟಿದ್ದು?" ಎಂದು ಕೇಳುತ್ತೇವೆ. ಅದಕ್ಕೆ ಉತ್ತರ ಸಿಗದಿದ್ದರೆ "ನಮ್ಮ ಹಣೆಬರಹವೇ ಇಷ್ಟು" ಎಂದು ಕೈಚೆಲ್ಲುತ್ತೇವೆ. ಈ ಎರಡೂ ಮಾತುಗಳಲ್ಲಿ ಧಮ್ಮವಿಲ್ಲ. ಯಾಕೆ ಎಂದು ಇವತ್ತು ಯೋಚಿಸೋಣ.

ನಮ್ಮ ಬಳಗದ ಒಂದು ಮನೆಯಲ್ಲಿ ಡಿಗ್ರಿ ಓದುವ ಮಗಳಿದ್ದಾಳೆ. ಅವಳದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ತೀರಾ ನಿಧಾನ. ಹಣ ಕೂಡಿಸಿ ಒಂದು ರ‍್ಯಾಮ್ ತಂದು, ವಿಡಿಯೋ ನೋಡಿ, ಹಿಂಬದಿಯ ಸ್ಕ್ರೂ ಬಿಚ್ಚಿ, ಖಾಲಿ ಇದ್ದ ಸ್ಲಾಟಿಗೆ ತಾನೇ ಹಾಕಿದಳು. ಮುಚ್ಚಿ ಬಟನ್ ಒತ್ತಿದರೆ ದೀಪ ಹೊತ್ತಿತು, ಒಳಗೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಅಜ್ಜಿ, "ಅಮಾವಾಸ್ಯೆ ದಿನ ಬಿಚ್ಚಬಾರದಿತ್ತು" ಎಂದರು. ತಾಯಿಯ ಮಾತು ಇನ್ನೂ ಆಳಕ್ಕೆ ಇಳಿಯುವಂಥದ್ದು: "ನಮ್ಮಂಥವರಿಗೆ ಯಾಕೆ ಬೇಕಿತ್ತವ್ವ ಇದೆಲ್ಲ? ನೀನು ಮುಟ್ಟಿ ಕೆಡಿಸಿದಿ."

ಹುಡುಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೂತು ಯೋಚಿಸಿದಳು. ಬಿಚ್ಚುವ ಮೊದಲು ಸರಿಯಿತ್ತು, ಮುಚ್ಚಿದ ಮೇಲೆ ಸರಿಯಿಲ್ಲ. ಹಾಗಾದರೆ ಕಾರಣ ಈ ಎರಡರ ನಡುವೆಯೇ ಇರಬೇಕು. ಆ ನಡುವೆ ಬದಲಾದದ್ದೇನು? ರ‍್ಯಾಮ್.

ಚಾರ್ಜರ್ ತೆಗೆದಳು, ಬ್ಯಾಟರಿಯ ಕನೆಕ್ಟರ್ ಬಿಡಿಸಿದಳು. ಹೊಸ ರ‍್ಯಾಮ್ ಹೊರತೆಗೆದು, ಹಳೆಯದನ್ನು ಮಾತ್ರ ಬಿಟ್ಟು ನೋಡಿದಳು. ಪರದೆ ಬೆಳಗಿತು! ಪರದೆ ಹೋಗಿಲ್ಲ, ಮದರ್‌ಬೋರ್ಡ್ ಸುಟ್ಟಿಲ್ಲ ಎಂದು ಖಾತ್ರಿಯಾಯಿತು. ಮತ್ತೆ ಬ್ಯಾಟರಿ ಬಿಡಿಸಿ, ಹೊಸದನ್ನು ಓರೆಯಾಗಿ ಸ್ಲಾಟಿಗೆ ಪೂರ್ತಿ ತಳ್ಳಿ, ಎರಡು ಬದಿಯ ಕ್ಲಿಪ್ಪುಗಳು ಟಕ್ ಎನ್ನುವವರೆಗೆ ಕೆಳಗೆ ಒತ್ತಿದಳು. ಮೊದಲ ಸಲ ಅದು ಪೂರ್ತಿ ಕೂತಿರಲಿಲ್ಲ, ಅಷ್ಟೇ. ಈಗ ಎರಡೂ ಕೆಲಸ ಮಾಡಿದವು.

ಇಲ್ಲಿ ಒಂದು ಕ್ರಮವಿದೆ. ಬದಲಾದದ್ದನ್ನು ಮೊದಲು ನೋಡುವುದು. ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸುವುದು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೋ ತಿಳಿಯುವುದಿಲ್ಲ. ಮಿತಿಯನ್ನೂ ಅರಿಯುವುದು, ಬ್ಯಾಟರಿ ಉಬ್ಬಿದ್ದರೆ ಒತ್ತಬಾರದು, ಚುಚ್ಚಬಾರದು, ತಿಳಿದವರ ಹತ್ತಿರ ಒಯ್ಯಬೇಕು. ಒಯ್ಯುವುದು ಸೋಲಲ್ಲ, ಅದು ಎಚ್ಚರ.

ಭಗವಾನ್ ಬುದ್ಧರು ಹೇಳಿದ ಪಟಿಚ್ಚ ಸಮುಪ್ಪಾದದ ಸಾರವೂ ಇದೇ. ಇದು ಇದ್ದಾಗ ಅದು ಆಗುತ್ತದೆ, ಇದು ಇಲ್ಲವಾದರೆ ಅದೂ ಇಲ್ಲವಾಗುತ್ತದೆ. ರಾಜಗೃಹದ ವೇಳುವನದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬುದ್ಧರಲ್ಲಿಗೆ ಬಂದು, ಮನುಷ್ಯ ಅನುಭವಿಸುವುದೆಲ್ಲ ಪೂರ್ವಕರ್ಮದಿಂದಲೇ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ ಎಂದು ಕೇಳಿದ್ದು ಸಂಯುತ್ತ ನಿಕಾಯದಲ್ಲಿದೆ. ಬುದ್ಧರು ಪಿತ್ತ, ಕಫ, ವಾತ, ಋತು ಬದಲಾವಣೆ, ಅಜಾಗರೂಕ ನಡೆ, ಹೊರಗಿನ ಪೆಟ್ಟು ಹೀಗೆ ಒಂದೊಂದೇ ಕಾರಣ ಎಣಿಸಿದರು. ಎಲ್ಲವನ್ನೂ ಪೂರ್ವಕರ್ಮದ ತಲೆಗೆ ಕಟ್ಟುವುದು ತಪ್ಪು ಎಂದರು.

ಬಾಬಾಸಾಹೇಬರು ಈ ಎಳೆಯನ್ನು ಗಟ್ಟಿಯಾಗಿ ಹಿಡಿದರು. 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ, ಅತಿಮಾನುಷ ಶಕ್ತಿಯಲ್ಲಿ ನಂಬಿಕೆ ಇಡುವುದು ಧಮ್ಮವಲ್ಲ ಎಂದು ವಿವರಿಸಿದ್ದಾರೆ. ಪ್ರತಿ ಘಟನೆಗೂ ಕಾರಣವಿದೆ, ಆ ಕಾರಣ ಮನುಷ್ಯನ ಕ್ರಿಯೆಯಲ್ಲಿ ಅಥವಾ ನಿಸರ್ಗದ ನಿಯಮದಲ್ಲಿ ಇರುತ್ತದೆ. ಅವರಿಗೆ ಇದು ಬರಿಯ ತತ್ವವಾಗಿರಲಿಲ್ಲ. ಬಡವ ಬಡವನಾಗಿರುವುದು, ಅಸ್ಪೃಶ್ಯ ಅಸ್ಪೃಶ್ಯನಾಗಿರುವುದು ಹಿಂದಿನ ಜನ್ಮದ ಪಾಪದಿಂದ ಎಂದು ಒಪ್ಪಿಬಿಟ್ಟರೆ, ಹಾಗೆ ಇಟ್ಟವರನ್ನು ಪ್ರಶ್ನಿಸುವವರೇ ಇರುವುದಿಲ್ಲ.

ಇನ್ನು "ಮುಟ್ಟಿ ಕೆಡಿಸಿದಿ" ಎಂಬ ಮಾತು. ಬಂಧುಗಳೇ, ಇದು ಯಾರ ಮಾತು? ನಾವು ಮುಟ್ಟಿದರೆ ಕೆಡುತ್ತದೆ ಎಂದು ತಲೆತಲಾಂತರದಿಂದ ನಮಗೆ ಹೇಳಿದವರ ಮಾತು. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಯನ್ನು 'ಶುದ್ಧಿ' ಮಾಡಿದರು. ನೀರೇನೂ ಕೆಟ್ಟಿರಲಿಲ್ಲ, ಕೆಟ್ಟಿದ್ದು ಅವರ ಮನಸ್ಸು. ಅದೇ ಮಾತನ್ನು ಈಗ ನಾವೇ, ನಮ್ಮ ಮನೆಯೊಳಗೆ, ನಮ್ಮ ಮಕ್ಕಳಿಗೆ ಹೇಳುವುದೇ?

ತಾಯಿಯ ಮೇಲೆ ಆರೋಪವಿಲ್ಲ. ಕೂಲಿಯ ಹಣದಲ್ಲಿ ಕೊಂಡ ವಸ್ತು ಹಾಳಾಯಿತೆಂಬ ಭಯ ಆ ಮಾತು ಆಡಿಸಿತು. ಭಯಕ್ಕೂ ಕಾರಣವಿದೆ, ಅದನ್ನೂ ಅರಿಯಬೇಕು. ಆದರೆ ಆ ಭಯವನ್ನು ಮಕ್ಕಳ ಕೈಗೆ ದಾಟಿಸಬಾರದು. ಸ್ಕ್ರೂ ಬಿಚ್ಚಲು ಹೆದರಿದ ಕೈ ನಾಳೆ ಪ್ರಶ್ನೆ ಕೇಳಲು ಎತ್ತುವಾಗಲೂ ಹೆದರುತ್ತದೆ.

ಇಂದಿನ ಅಭ್ಯಾಸ: ಇವತ್ತು ಮನೆಯಲ್ಲಿ ಏನೇ ಕೆಟ್ಟರೂ, ಮಿಕ್ಸಿಯಾಗಲಿ, ಮೊಬೈಲ್ ಆಗಲಿ, ಮಾತೇ ಆಗಲಿ, "ಯಾರು?" ಎನ್ನುವ ಮೊದಲು ಮೂರು ಪ್ರಶ್ನೆ ಕೇಳೋಣ. ಏನಾಗಿದೆ? ಇದಕ್ಕೆ ಮೊದಲು ಏನು ಬದಲಾಯಿತು? ಈಗ ಯಾವ ಒಂದನ್ನು ಪರೀಕ್ಷಿಸಬಹುದು? ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.