ಪಿಕಳಾರವೂ ಬಾವಲಿಯೂ



ಹಣ್ಣು ತುಂಬಿದ ಆಲದ ಮರವನ್ನು ಸಂಜೆಯ ಹೊತ್ತು ನೋಡಿರಿ. ಬಾಲದ ಬುಡದಲ್ಲಿ ಕೆಂಪಿರುವ ಪಿಕಳಾರವು ಹಗಲೆಲ್ಲ ತಿಂದು, ಹಾಡಿ, ಕತ್ತಲಾಗುವ ಮೊದಲೇ ಪೊದೆಯನ್ನು ಸೇರುತ್ತದೆ. ಅನಂತರ ದೊಡ್ಡ ಬಾವಲಿಯು ಬಂದು ಅದೇ ಕೊಂಬೆಗೆ ಜೋತುಬಿದ್ದು, ಕಣ್ಣು ಮೂಗುಗಳ ಬಲದಿಂದಲೇ ಹಣ್ಣನ್ನು ಹುಡುಕಿ, ರಸವನ್ನು ಹೀರಿ ನಾರನ್ನು ಉಗುಳುತ್ತದೆ. (ಆ ಹಣ್ಣು ಪಂಚ ಉದುಂಬರಗಳಲ್ಲಿ ಒಂದಾದುದರಿಂದ ಶ್ರಾವಕನಿಗೆ ಹಗಲಿನಲ್ಲಿಯೂ ವರ್ಜ್ಯವೆಂಬುದು ಬೇರೆ ಮಾತು.)

ಎರಡೂ ಆಕಾಶಗಾಮಿಗಳಾದ ಪಂಚೇಂದ್ರಿಯ ತಿರ್ಯಂಚ ಜೀವಗಳೇ. ಆದರೂ ಪೂರ್ವಿಕರು ಇವುಗಳ ಭೇದವನ್ನು ಅರಿತಿದ್ದರು. ಉತ್ತರಾಧ್ಯಯನ ಸೂತ್ರವು ರೋಮಪಕ್ಷಿಗಳನ್ನೂ ಚರ್ಮಪಕ್ಷಿಗಳನ್ನೂ ಬೇರೆಬೇರೆಯಾಗಿ ಎಣಿಸಿದೆ. ತತ್ತ್ವಾರ್ಥಸೂತ್ರಕ್ಕೆ ಶ್ವೇತಾಂಬರರು ಮಾನ್ಯಮಾಡುವ ಭಾಷ್ಯವು ವಲ್ಗುಲಿ, ಎಂದರೆ ಬಾವಲಿಯನ್ನು, ಅಂಡಜಗಳಲ್ಲಿ ಸೇರಿಸದೆ ಪೋತಜಗಳಲ್ಲಿ ಇರಿಸಿದೆ. ಅದು ಸರಿಯೇ. ಪಿಕಳಾರವು 2-3 ಮೊಟ್ಟೆಗಳನ್ನಿಡುತ್ತದೆ. ಈ ಬಾವಲಿಯು ಸಾಮಾನ್ಯವಾಗಿ ಒಂದೇ ಮರಿಯನ್ನು ಹೆತ್ತು ಮೊಲೆಯೂಡಿಸುತ್ತದೆ.

ರಾತ್ರಿಭೋಜನ ತ್ಯಾಗವನ್ನು ಬೋಧಿಸುವಾಗ ಪಿಕಳಾರವನ್ನು ಹೊಗಳಿ ಬಾವಲಿಯನ್ನು ಹಳಿಯುವುದು ಸುಲಭ. ನಾನೂ ಹಾಗೆ ಹೇಳಿದವನೇ. ಈಗ ಹೇಳಲಾರೆ. ಪಿಕಳಾರವು ರಾತ್ರಿ ಉಣ್ಣದಿರುವುದು ಅದರ ಸ್ವಭಾವ, ಅದರಲ್ಲಿ ತ್ಯಾಗವೇನಿದೆ? ಬಾವಲಿಯು ರಾತ್ರಿ ಉಣ್ಣುವುದೂ ಸ್ವಭಾವವೇ. ಅದು ಯಾವ ವ್ರತವನ್ನು ಮುರಿಯಿತು? ಕೈಗೆಟುಕುವುದನ್ನು ಬೇಕೆಂದೇ, ಸಂಕಲ್ಪಪೂರ್ವಕವಾಗಿ ಬಿಡುವುದು ವ್ರತವೆಂಬುದು ರತ್ನಕರಂಡಕದಲ್ಲಿ ಸಮಂತಭದ್ರಾಚಾರ್ಯರ ಅಭಿಪ್ರಾಯ.

ತಿರ್ಯಂಚರಿಗೆ ಅದು ಅಸಾಧ್ಯವೆಂದಲ್ಲ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚವು ಐದನೆಯ ಗುಣಸ್ಥಾನದವರೆಗೆ ಏರಬಲ್ಲದು. ಪ್ರೀತಿಂಕರನ ಕಥೆಯ ನರಿಯನ್ನು ನೆನೆಯಿರಿ. ರಾತ್ರಿ ನೀರನ್ನೂ ಮುಟ್ಟೆನೆಂದು ಮುನಿಗಳಲ್ಲಿ ನಿಯಮ ಪಡೆದ ಆ ನರಿ ಬಾಯಾರಿ ಬಾವಿಗಿಳಿಯಿತು. ಒಳಗೆ ಕತ್ತಲು, ಸೂರ್ಯನು ಮುಳುಗಿದನೆಂದು ಮೇಲೇರಿತು. ಮೇಲೆ ಬಿಸಿಲು, ಮತ್ತೆ ಇಳಿಯಿತು, ಮತ್ತೆ ಏರಿತು. ಹೀಗೆ ಇಳಿದು ಏರಿ ನೀರು ಕುಡಿಯದೆಯೇ ಪ್ರಾಣ ಬಿಟ್ಟು, ಮುಂದಿನ ಭವದಲ್ಲಿ ಪ್ರೀತಿಂಕರ ಕುಮಾರನಾಯಿತು.

ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮುಂಚೆಯೇ ಊಟ ಮುಗಿಯುವ ಮನೆಯಲ್ಲಿ ಹುಟ್ಟಿ, ಯಾವ ನಿಯಮವನ್ನೂ ಕೇಳದೆ ರೂಢಿಯಿಂದ ಉಂಡೇಳುವ ನಾವು ಹೆಚ್ಚಿನವರು ಪಿಕಳಾರಗಳು. ಕತ್ತಲಾದ ಮೇಲೆ ಕೆಲಸದಿಂದ ಮರಳುವ ಸೊಸೆಯನ್ನು ಕಂಡು ನಾವೇ ಮೂಗು ಮುರಿಯುತ್ತೇವೆ. ಅವಳು ಚತುರ್ದಶಿಯಂದು ಮಾತ್ರ ರಾತ್ರಿ ಉಣ್ಣೆನೆಂದು ನಿಯಮ ಕೇಳಿದರೆ ಹಿರಿಯರು ಅದನ್ನು ಅಲ್ಪವೆಂದು ನಗಬಾರದು. ಅಂದು ಅವಳ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇಟ್ಟು ಕಳುಹಿಸಿರಿ. ಕೆಲಸದ ಸ್ಥಳದಲ್ಲಿಯೇ, ಹೊತ್ತಿರುವಾಗಲೇ ಉಣ್ಣಲಿ.